ತಳ್ಳುಗಾಡಿಯೂ ಆರೋಗ್ಯದ ಕಾನೂನೂ

ನಮ್ಮ ತಂದೆಯವರು ತಳ್ಳುಗಾಡಿಯಲ್ಲಿ ಇಡ್ಲಿ, ಚಿತ್ರಾನ್ನ ಮಾರಿ ನನ್ನನ್ನು ಓದಿಸಿದವರು. ಕಾನೂನು ಬರುವುದು ಗಾಡಿ ಎತ್ತಿಸುವುದಕ್ಕೇ ಎಂಬುದು ಅವರ ನಂಬಿಕೆ. ಕಳೆದ ರಜೆಯಲ್ಲಿ ನಾನು ಅದನ್ನು ಓದಿ ಅವರಿಗೆ ತಿಳಿಯಹೇಳಿದೆ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಗಾಡಿಯವರಿಗೆ ದೊಡ್ಡ ಹೋಟೆಲಿನ ಲೈಸೆನ್ಸು ಬೇಡ, ನೋಂದಣಿ ಸಾಕು. 2011ರ ನಿಯಮಗಳು ಕೇಳುವುದಾದರೂ ಏನು? ಕುಡಿಯಲು ಯೋಗ್ಯವಾದ ನೀರು, ಮುಚ್ಚಿಟ್ಟ ತಿಂಡಿ, ಮುಚ್ಚಳವಿರುವ ಕಸದ ಡಬ್ಬಿ, ತೊಳೆದ ಕೈ. ಅಂಟುರೋಗವಿದ್ದವರು ಅಡುಗೆ ಮುಟ್ಟದಿರುವುದು.

ಕಾರಣವೂ ಸರಳವೇ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಆದುದರಿಂದ ಸಾಂಬಾರು ಹಬೆಯಾಡುತ್ತಿರಬೇಕು; ಚಟ್ನಿಯನ್ನು ಬೇಕಾದಷ್ಟೇ ಅರೆಯಬೇಕು. ಬಣ್ಣದ ವಿಷಯವೂ ಹಾಗೆಯೇ: ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣವನ್ನು ಗೋಬಿ ಮಂಚೂರಿಗೆ ಹಾಕಕೂಡದೆಂದು ನಮ್ಮ ರಾಜ್ಯ ಸರ್ಕಾರ 2024ರಲ್ಲಿ ನಿಷೇಧಿಸಿತು.

ತಂದೆಯವರು ಎಲ್ಲವನ್ನೂ ಕೇಳಿ, “ಸರಿಯಪ್ಪಾ, ಆ ನೀರು ತರುವುದೆಲ್ಲಿಂದ?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಅವರು ಅರ್ಧ ಕಿಲೋಮೀಟರು ದೂರದ ನಲ್ಲಿಯಿಂದ ದಿನಕ್ಕೆ ಆರು ಕೊಡ ಹೊರುತ್ತಾರೆ. ಬೀದಿ ವ್ಯಾಪಾರಕ್ಕೆ ಜಾಗ ಗುರುತಿಸಿಕೊಡಬೇಕೆಂದು 2014ರ ಕಾಯಿದೆ ಹೇಳುತ್ತದೆ. ಆ ಜಾಗದ ಪಕ್ಕದಲ್ಲೊಂದು ನಲ್ಲಿಯನ್ನೂ ಹಾಕಿಸಿದರೆ ಅರ್ಧ ನಿಯಮ ತಾನಾಗಿಯೇ ನಡೆದೀತು.