ಸಕಲೇಶಪುರದ ಕೆಸರಿಗೆ ಹೆಬ್ಬೂರಿನ ಒಳದಾರಿ: ನಂಬಿಕೆ ಏನು, ನಿಜ ಏನು?

ತುಮಕೂರಿಗೂ ಕುಣಿಗಲ್ಲಿಗೂ ಹೆಚ್ಚುಕಮ್ಮಿ ನಡುವೆ ಇರುವ ಊರು ಹೆಬ್ಬೂರು. ಮನೆಯಲ್ಲಿ ಥಾರೋ ಹಳೇ ಜಿಪ್ಸಿಯೋ ಇರುವ ಈ ಕಡೆಯ ಹುಡುಗರು ಕೆಸರು, ಕಲ್ಲು, ಕಡಿದಾದ ಏರು ಹುಡುಕಿಕೊಂಡು ಹೊರಟರೆ ಮೊದಲು ಬಾಯಿಗೆ ಬರುವ ಹೆಸರು ಸಕಲೇಶಪುರ. ಕುಣಿಗಲ್ಲಿಗೆ ಬಂದು ರಾಷ್ಟ್ರೀಯ ಹೆದ್ದಾರಿ 75 ಹಿಡಿದರೆ ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ ದಾಟಿ ಸಲೀಸಾಗಿ ಹೋಗಿ ಸೇರಬಹುದು. (ಹಳಬರು ಈ ರಸ್ತೆಯನ್ನು ಇವತ್ತಿಗೂ ‘ಫಾರ್ಟಿ ಎಯ್ಟ್’ ಅನ್ನುತ್ತಾರೆ. ಹೊಸ ಎಣಿಕೆಯಲ್ಲಿ 48 ಅಂದರೆ ತುಮಕೂರು–ಚಿತ್ರದುರ್ಗದ ಹೆದ್ದಾರಿ, ಅಂದರೆ ಹಳೆಯ 4. ಹಾಗಾಗಿ ದಾರಿ ಕೇಳುವಾಗ ನಂಬರ್ ಬಿಟ್ಟು ಊರಿನ ಹೆಸರು ಹೇಳುವುದೇ ಕ್ಷೇಮ.) ಆದರೆ ಗುಂಡಿ-ಗುಡ್ಡ ಹತ್ತಲು ಹೊರಟವರಿಗೆ ಟೋಲ್ ರಸ್ತೆ ರುಚಿಸುವುದಿಲ್ಲ. ಸಿ.ಎಸ್.ಪುರ, ತುರುವೇಕೆರೆ, ನುಗ್ಗೇಹಳ್ಳಿ ಅಂತ ಒಳಗೊಳಗೇ ನುಗ್ಗಿ, ಹಾಸನದ ಮೇಲೆ ಬೇಲೂರಿಗೆ ಹತ್ತಿ, ಅಲ್ಲಿಂದ ಕಾಫಿ ತೋಟಗಳ ನಡುವೆ ಇಳಿಯುವ ಆಸೆ.

ಆಸೆ ಒಳ್ಳೆಯದೇ. ಆದರೆ ಒಳದಾರಿಗಳಲ್ಲಿ ಯಾವುದೂ ನೋಟ ಸವಿಯಲೆಂದು ಹುಟ್ಟಿದ್ದಲ್ಲ. ಕೆರೆ ಏರಿ ಹುಟ್ಟಿದ್ದು ನೀರು ನಿಲ್ಲಿಸಲು. ನಾಲೆ ಏರಿ, ನೀರಾವರಿ ಇಲಾಖೆಯವರು ತಪಾಸಣೆಗೆ ಓಡಾಡಲು. ಬಂಡಿದಾರಿ, ಹೊಲಕ್ಕೆ ಗೊಬ್ಬರ ಹೊಡೆಯಲು. ಈ ದಾರಿ ಯಾರದು, ಯಾವ ಕಾಲಕ್ಕೆ ಅವರಿಗೆ ಬೇಕು ಅನ್ನುವುದು ತಿಳಿಯದೆ ದಾರಿ ಆರಿಸಲು ಕೂತಾಗಲೇ ಕೆಳಗಿನ ನಂಬಿಕೆಗಳೆಲ್ಲ ಹುಟ್ಟಿಕೊಳ್ಳುವುದು.

“ಹಾಸನ ದಾಟೋವರೆಗೂ ಬರೀ ಬಯಲು, ನೋಡೋಕೇನೂ ಇಲ್ಲ”

ಇದು ಹೆದ್ದಾರಿಯ ಮೇಲಿಂದ ಮಾತ್ರ ಕಟ್ಟಿಕೊಂಡ ಅಭಿಪ್ರಾಯ. ತುಮಕೂರಿನ ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಎರಡು ಹೊಳೆ ಹುಟ್ಟುತ್ತವೆ. ಜಯಮಂಗಲಿ ಬಡಗಲಿಗೆ ಹರಿದು ಉತ್ತರ ಪಿನಾಕಿನಿ ಸೇರಿದರೆ, ಶಿಂಷಾ ತೆಂಕಲಿಗೆ ಹರಿದು ಕಾವೇರಿ ಸೇರುತ್ತದೆ. ಹೆಬ್ಬೂರಿನಿಂದ ಪಡುವಣಕ್ಕೆ ಹೊರಟವರು ಬಹಳ ದೂರ ಈ ಶಿಂಷೆಯ ಹಳ್ಳಕೊಳ್ಳಗಳನ್ನೇ ಹತ್ತಿ ಇಳಿಯುತ್ತಿರುತ್ತಾರೆ. ಸಿಕ್ಕ ತಗ್ಗಿಗೆಲ್ಲ ನಮ್ಮ ಹಿರಿಯರು ಅಡ್ಡ ಏರಿ ಹಾಕಿ ಕೆರೆ ಕಟ್ಟಿದರು. ತಗ್ಗು ದಾಟಲು ಏರಿಗಿಂತ ಸುಲಭದ ಜಾಗ ಇನ್ನೊಂದಿಲ್ಲವಾದ್ದರಿಂದ ಎಷ್ಟೋ ಊರಿನ ರಸ್ತೆ ಏರಿಯ ಮೇಲೇ ಹೋಗುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಕೆಳಗೆ ಅಚ್ಚುಕಟ್ಟಿನ ಗದ್ದೆ, ಅಡಿಕೆ, ತೆಂಗು. ಕುಣಿಗಲ್ ಕೆರೆಯನ್ನು ಜನಪದ ಹಾಡಿನಲ್ಲಿ ಕೇಳಿ ತಲೆದೂಗುವವರು, ಅದರ ಏರಿಯ ಮೇಲೆ ಒಂದು ಬೆಳಗ್ಗೆ ಗಾಡಿ ನಿಲ್ಲಿಸಿ ನೋಡಿದರೆ ಹಾಡು ಯಾಕೆ ಹುಟ್ಟಿತು ಅನ್ನುವುದು ತಿಳಿಯುತ್ತದೆ.

ಇನ್ನು ಗುಡಿಗಳು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ 1246ರದು. ತುಮಕೂರು ಜಿಲ್ಲೆಯ ವಿಘ್ನಸಂತೆಯದು 1286ರದು. ಹಳೇಬೀಡು-ಬೇಲೂರಿಗೆ 2023ರಲ್ಲಿ ಯುನೆಸ್ಕೋ ಪಟ್ಟ ಬಂದ ಮೇಲಂತೂ ಅಲ್ಲಿ ಕಾಲಿಡಲು ಜಾಗವಿಲ್ಲ. ನುಗ್ಗೇಹಳ್ಳಿಯಲ್ಲಿ ಇವತ್ತಿಗೂ ಗೋಡೆಯ ಶಿಲ್ಪಗಳ ಮುಂದೆ ಬೇಕಾದಷ್ಟು ಹೊತ್ತು ನಿಲ್ಲಬಹುದು. ತುಮಕೂರಿನಿಂದ ಹೊರಡುವವರಿಗೆ ಹೆಬ್ಬೂರಿಗೆ ಮುಂಚೆಯೇ ಗೂಳೂರಿನ ಬಳಿ ಕೈದಾಳ ಸಿಗುತ್ತದೆ. ಜಕಣಾಚಾರಿಯ ಕೈ ಮರಳಿದ ಊರು ಅನ್ನುವ ಕಥೆ ಬೇರೆಯೇ ಒಂದು ‘ನಂಬಿಕೆ ಮತ್ತು ನಿಜ’ದ ಲೇಖನಕ್ಕೆ ವಸ್ತು. ಅದು ಹಾಗಿರಲಿ, ಗುಡಿಯಂತೂ ಚೆನ್ನಾಗಿದೆ.

“ಮ್ಯಾಪಲ್ಲಿ ಗೆರೆ ಇದೆ ಅಂದ್ಮೇಲೆ ದಾರಿ ಇದ್ದೇ ಇರುತ್ತೆ”

ಫೋನಿನ ಮ್ಯಾಪು ಎರಡು ಸಂಗತಿಯನ್ನು ಬೆರೆಸಿಬಿಡುತ್ತದೆ: ಅಲ್ಲಿ ಗಾಡಿ ಓಡಾಡಿದ ಗುರುತು ಇರುವುದು, ಮತ್ತು ಅಲ್ಲಿ ಓಡಾಡಲು ನಿಮಗೆ ಹಕ್ಕಿರುವುದು. ತೆಂಗಿನ ತೋಟದೊಳಗೆ ಪಂಪ್‌ಸೆಟ್‌ವರೆಗೆ ಟ್ರ್ಯಾಕ್ಟರ್ ಹೋದ ಜಾಡೂ ಅದಕ್ಕೆ ರಸ್ತೆಯೇ. ಬೇರೆ ಬೇರೆ ಆಧಾರ ನೋಡುವುದು ಇದಕ್ಕಾಗಿ. ಕಂದಾಯ ಇಲಾಖೆಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿರುತ್ತಾರೆ. ನಮ್ಮ ಕಡೆ ಇದಕ್ಕೇ ‘ನಕಾಶೆ ದಾರಿ’ ಅನ್ನುವುದು. ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನೀವು ನಿಂತಿರುವ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಖಾಸಗಿ ಹೊಲವೋ, ಕೆರೆಯಂಗಳವೋ ಅನ್ನುವುದು ಅಲ್ಲೇ ತಿಳಿಯುತ್ತದೆ. ಏರಿಳಿತ ತಿಳಿಯಬೇಕಾದವರಿಗೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕಾಶೆಗಳಿವೆ. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. 2017ರಿಂದ ಇವನ್ನು ಆನ್‌ಲೈನಿನಲ್ಲಿ ಬಿಟ್ಟಿಯಾಗಿಯೇ ಇಳಿಸಿಕೊಳ್ಳಬಹುದು.

ರಸ್ತೆಗೆ ಇಳಿದ ಮೇಲೆ ಕಿಲೋಮೀಟರ್ ಕಲ್ಲಿನ ತಲೆಯ ಬಣ್ಣ ನೋಡಿ. ಹಳದಿ ರಾಷ್ಟ್ರೀಯ ಹೆದ್ದಾರಿ, ಹಸಿರು ರಾಜ್ಯ ಹೆದ್ದಾರಿ, ಕಿತ್ತಳೆ ಗ್ರಾಮೀಣ ರಸ್ತೆ. ಕಲ್ಲೇ ಇಲ್ಲದಿದ್ದರೆ ನಿಮ್ಮ ಒಳದಾರಿ ನಿಜಕ್ಕೂ ಶುರುವಾಯಿತು ಅಂತ ಲೆಕ್ಕ.

“ಊರವರನ್ನ ಕೇಳಿದ್ರೆ ಸಾಕು, ಅವರು ಸರಿಯಾಗೇ ಹೇಳ್ತಾರೆ”

ಸರಿಯಾಗಿಯೇ ಹೇಳುತ್ತಾರೆ, ನಾವು ಕೇಳುವುದು ಸರಿ ಇರುವುದಿಲ್ಲ. ಅರಳಿಕಟ್ಟೆಯ ಮೇಲೆ ಕೂತ ಯಜಮಾನರನ್ನು “ಅಣ್ಣ, ಈ ದಾರಿ ಹೋಗ್ತದಾ?” ಅಂದರೆ “ಹೋಗ್ತೈತೆ, ಸೀದಾ ಹೋಗಿ” ಅನ್ನುತ್ತಾರೆ. ಅವರ ಮನಸ್ಸಿನಲ್ಲಿ ಓಡುತ್ತಿರುವುದು ಮಗನ ಟಿವಿಎಸ್. ಟ್ರ್ಯಾಕ್ಟರ್ ಹೋಗುತ್ತಾ ಎಂದು ಕೇಳಿಯೂ ಪ್ರಯೋಜನವಿಲ್ಲ, ಅದು ಹೋಗದ ಜಾಗವೇ ಇಲ್ಲ. “ಹಾಲಿನ ಗಾಡಿ ಈ ದಾರೀಲಿ ಬರ್ತದಾ?” ಎಂದು ಕೇಳಬೇಕು. ತುಮುಲ್‌ಗೆ ಹಾಲು ಹಾಕುವ ಡೇರಿ ಇರುವ ಊರಿಗೆ ಮಳೆ ಇರಲಿ, ಹಬ್ಬ ಇರಲಿ, ಗಾಡಿ ಬಂದು ಹೋಗಲೇಬೇಕು. ಅದು ಬಳಸುವ ದಾರಿ ಕೆಟ್ಟರೆ ಊರೇ ದನಿ ಎತ್ತುತ್ತದೆ. ಶಾಲಾ ಬಸ್ಸಿನದೂ ಇದೇ ಕಥೆ. ಇವೆರಡೂ ಬರದ ದಾರಿಯಾದರೆ ಇಳಿದು ನಡೆದು ನೋಡಿಯೇ ಮುಂದಕ್ಕೆ.

“ಮಳೆಗಾಲ ಮುಗಿದ್ಮೇಲೆ ಹೋದ್ರೆ ಯೋಚನೆ ಇಲ್ಲ”

ಯಾವ ಮಳೆಗಾಲ? ಸಕಲೇಶಪುರದಲ್ಲಿ ಸುರಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆ ಕೆರೆ ತುಂಬುವ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮಲೆನಾಡು ತಿಳಿಯಾಯಿತು ಅಂತ ಅಕ್ಟೋಬರಿನಲ್ಲಿ ಹೊರಟರೆ, ಅಲ್ಲಿಗೆ ಮುಟ್ಟುವ ಮೊದಲು ಮನೆಯ ಹತ್ತಿರದ ಹಳ್ಳವೇ ಅಡ್ಡ ಬರುತ್ತದೆ.

ಸರಿ, ಡಿಸೆಂಬರ್-ಜನವರಿ ಆರಿಸಿಕೊಳ್ಳೋಣ ಅಂದರೆ ಅಲ್ಲಿ ಕಾಯುತ್ತಿರುವುದು ಒಕ್ಕಣೆ. ಕಣ ಮಾಡಿ ಸಾರಿಸಿ ಗುಂಡು ಹೊಡೆಯುವ ಕಾಲ ಹೋಗಿ ಬಹಳ ದಿನವಾಯಿತು. ರಾಗಿ ತೆನೆ, ಹುರುಳಿ ಗಿಡ ಎಲ್ಲ ಡಾಂಬರಿನ ಮೇಲೇ ಹರಡುತ್ತಾರೆ, ಹೋಗಿ ಬರುವ ಗಾಡಿಗಳ ಗಾಲಿಯೇ ಒಕ್ಕುತ್ತದೆ. ಮೊಣಕಾಲೆತ್ತರದ ಹುರುಳಿಯ ಮೇಲೆ ಗಾಡಿ ಹೋದಾಗ ಆಗುವುದನ್ನು ಬಗ್ಗಿ ನೋಡಿದವರು ಕಡಿಮೆ. ಒಣಗಿದ ಬಳ್ಳಿ ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಎಳೆ ಎಳೆಯಾಗಿ ಒಳಗೆ ಸೇರಿ ಸೈಲೆನ್ಸರ್ ಕೊಳವೆಗೆ ತಾಗಿ ಕೂರುತ್ತದೆ. ಕೊಳವೆಯ ನಡುವಿನ ಕ್ಯಾಟಲಿಟಿಕ್ ಕನ್ವರ್ಟರ್ ಓಡುತ್ತಿರುವಾಗ ನೂರಾರು ಡಿಗ್ರಿ ಕಾದಿರುತ್ತದೆ. ಹೊಟ್ಟಿಗೆ ಕಿಡಿಯೇ ಬೇಕಿಲ್ಲ, ಬಿಸಿ ಸಾಕು. ಹುರುಳಿ ಸಿಕ್ಕಿ ಕಾರು ಸುಟ್ಟು ಕರಕಲಾದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ಬರುತ್ತಲೇ ಇರುತ್ತದೆ. ಸುಟ್ಟ ವಾಸನೆ ಬಂದರೆ ಹುಲ್ಲಿನಿಂದ ಆಚೆ, ಬರಿ ನೆಲಕ್ಕೆ ಗಾಡಿ ತಂದು ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಬೇಕು. ಎಷ್ಟೇ ಎತ್ತರದ ಜೀಪಾದರೂ ಇದರಿಂದ ಪಾರಿಲ್ಲ. ರಾಗಿಯದು ಬೇರೆ ತೊಂದರೆ: ಉದುರಿದ ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಗಾಲಿ ಜಾರುತ್ತದೆ, ಬೈಕಿನವರಿಗಂತೂ ಇನ್ನೂ ಅಪಾಯ.

ರಸ್ತೆಯಲ್ಲಿ ಒಕ್ಕುವುದು ತಪ್ಪು, ಅದನ್ನು ರೈತರಿಗೂ ಹೇಳಬೇಕು. ಆದರೆ ಅವರ ವರ್ಷದ ಅನ್ನದ ಮೇಲೆ ಹಾರ್ನ್ ಹೊಡೆಯುತ್ತ ಹೋಗುವುದಕ್ಕಿಂತ, ಆ ಎರಡು ತಿಂಗಳು ಬೇರೆ ದಾರಿ ನೋಡಿಕೊಳ್ಳುವುದೇ ನನಗೆ ಸರಿ ಅನ್ನಿಸುತ್ತದೆ.

“ಫೋರ್ ಬೈ ಫೋರ್ ಇದ್ರೆ ಎಲ್ಲಾ ದಾರಿನೂ ಒಂದೇ”

ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋದರೆ ಹೊರಡುವುದು, ಹತ್ತುವುದು ಸುಲಭ. ನಿಲ್ಲುವುದಕ್ಕೆ ಅದರಿಂದ ಏನೂ ಸಹಾಯವಿಲ್ಲ, ಬ್ರೇಕು ಎಲ್ಲಾ ಕಾರಿನಲ್ಲೂ ನಾಲ್ಕೂ ಗಾಲಿಗೆ ಇದ್ದೇ ಇದೆ. ಬತ್ತಿದ ಕೆರೆಯ ಹೂಳು ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ. ಕೆಳಗೆ ಇನ್ನೂ ಜೇಡಿ ಹಸಿಯಾಗಿರುತ್ತದೆ. ಅಲ್ಲಿ ಹೂತ ಮೇಲೆ ನಾಲ್ಕು ಗಾಲಿಯೂ ಸೇರಿ ಅಗೆಯುತ್ತವೆ ಅಷ್ಟೇ. ಸಡಿಲ ಮಣ್ಣಿನಲ್ಲಿ ಟೈರಿನ ಗಾಳಿ ಇಳಿಸುವುದು ಒಳ್ಳೆಯ ಉಪಾಯ, ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಆದರೆ ಡಾಂಬರಿಗೆ ಬರುವ ಮುಂಚೆ ಮತ್ತೆ ತುಂಬಲು ಗಾಡಿಯಲ್ಲೇ ಸಣ್ಣ ಪಂಪು ಇರಬೇಕು. ಇನ್ನು ನುಗ್ಗೇಹಳ್ಳಿವರೆಗಿನ ಮುಖ್ಯ ಒಳರಸ್ತೆಗಳಿಗೆ ಫೋರ್ ಬೈ ಫೋರ್ ಬೇಕೇ ಇಲ್ಲ. ಹಳೇ ಆಲ್ಟೊದಲ್ಲಿ ಸಂಸಾರ ಸಮೇತ ಸಂತೆಗೆ ಹೋಗಿ ಬರುವ ದಾರಿಗಳವು.

“ಡ್ಯಾಮ್ ಗೇಟ್ ತೆಗೆಯೋ ಮುಂಚೆ ಹೇಳ್ತಾರೆ ಬಿಡಿ”

ಯಡಿಯೂರಿನ ಹತ್ತಿರ ಶಿಂಷೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗುವವರು ಇದನ್ನು ಮರೆಯಬೇಕು. ಅಲ್ಲಿರುವುದು ಸ್ವಯಂಚಾಲಿತ ಸೈಫನ್. ನೀರು ಮಟ್ಟ ಮೀರಿದರೆ ಸೈಫನ್ ತಾನೇ ಎಳೆದುಕೊಂಡು ಆಚೆ ಬಿಡುತ್ತದೆ. ಗೇಟು ಎತ್ತಲು ಯಾರೂ ಬರಬೇಕಾಗಿಲ್ಲ. ಮಳೆ ಮೇಲಿನ ಊರಿನಲ್ಲಿ ಬಿದ್ದು, ಇಲ್ಲಿ ಬಿಸಿಲಿದ್ದರೂ ಸೈಫನ್ ಕೆಳಗೆ ಹೊಳೆಯ ಪಾತ್ರಕ್ಕೆ ಗಾಡಿ ಇಳಿಸುವುದು ಮೂರ್ಖತನ.

ಊರ ಕೆರೆಯ ಕೋಡಿಯೂ ಹಾಗೆಯೇ. ಏರಿಯ ಒಂದು ತುದಿಗೆ ಇರುವ ಕೋಡಿಯಲ್ಲಿ ಹೆಚ್ಚಿನ ನೀರು ರಸ್ತೆಯ ಮೇಲೆ ಹಾಯುತ್ತದೆ. ಕೋಡಿ ಬಿದ್ದ ಕೆರೆಗೆ ಊರವರು ಬಾಗಿನ ಕೊಡುತ್ತಾರೆ, ಹೊರಗಿನವರು ಅದರಲ್ಲಿ ಜೀಪು ಹಾಯಿಸಿ ವಿಡಿಯೊ ಮಾಡುತ್ತಾರೆ. ಹರಿಯುವ ನೀರು ಒಂದಡಿ ಇದ್ದರೆ ಸಣ್ಣ ಕಾರು ತೇಲಲು ಸಾಕು, ಎರಡಡಿ ಇದ್ದರೆ ದೊಡ್ಡ ಜೀಪನ್ನೂ ಎಳೆಯಬಲ್ಲದು. ನೀರಿನ ಕೆಳಗೆ ರಸ್ತೆ ಕೊಚ್ಚಿಹೋಗಿದೆಯೋ ಇಲ್ಲವೋ ಮೇಲಿಂದ ಕಾಣದು. ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಂದೇ ಸಲಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

“ಗೇಟ್ ಇಲ್ಲ, ಬೋರ್ಡ್ ಇಲ್ಲ, ಅಂದ್ಮೇಲೆ ಯಾರು ಕೇಳ್ತಾರೆ”

ಹೇಮಾವತಿ ನಾಲೆಯ ಏರಿ ಗುಬ್ಬಿ ಕಡೆ ನೇರವಾಗಿ, ನೆರಳಾಗಿ ಸಿಕ್ಕಾಗ ಗಾಡಿ ಹತ್ತಿಸುವ ಮನಸ್ಸಾಗುತ್ತದೆ. ಅದು ನೀರಾವರಿ ನಿಗಮದ ತಪಾಸಣೆ ದಾರಿ. ಎದುರು ಗಾಡಿ ಬಂದರೆ ಹಿಂದಕ್ಕೆ ತೆಗೆಯುವಾಗ ಒಂದು ಗಾಲಿ ಜಾರಿದರೆ ನೇರ ನೀರಿಗೆ. ಮಂಡ್ಯದ ವಿ.ಸಿ. ನಾಲೆಗೆ ಕಾರು ಬಿದ್ದ ಸುದ್ದಿಗಳನ್ನು ಓದಿಯೂ ನಾವು ಹತ್ತುತ್ತೇವೆ.

ದೇವರಾಯನದುರ್ಗವಿರಲಿ, ಸಕಲೇಶಪುರದ ಕಡೆಯ ಬಿಸಿಲೆಯಿರಲಿ, ಕಾಯ್ದಿಟ್ಟ ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಭಯಾರಣ್ಯವಾದರೆ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತದೆ. ಬಿಸಿಲೆ ಘಾಟಿಯ ರಸ್ತೆ ಸಾರ್ವಜನಿಕರದು, ಪಕ್ಕದಲ್ಲಿ ಒಳಕ್ಕೆ ಹೋಗುವ ಮಣ್ಣಿನ ಜಾಡು ಅಲ್ಲ. ಬೇಲೂರು–ಸಕಲೇಶಪುರದ ನಡುವೆ ಮ್ಯಾಪು ತೋರಿಸುವ ಎಷ್ಟೋ ಗೆರೆಗಳು ಎಸ್ಟೇಟಿನ ಒಳರಸ್ತೆಗಳು. ಸಕ್ರಮವಾಗಿ ಕೆಸರಾಟ ಬೇಕಿದ್ದರೆ ಮಾಲೀಕರ ಒಪ್ಪಿಗೆಯಿಂದ ಖಾಸಗಿ ತೋಟದಲ್ಲಿ ನಡೆಸುವ ಟ್ರ್ಯಾಕ್‌ಗಳಿವೆ, ಹೋಂಸ್ಟೇಯವರನ್ನು ಮುಂಚೆಯೇ ಕೇಳಿದರೆ ಸಾಕು.

“ಕಿಲೋಮೀಟರ್ ಕಡಿಮೆ, ಬೇಗ ಹೋಗ್ಬಹುದು”

ಒಳದಾರಿಯನ್ನು ಗಂಟೆಯಲ್ಲಿ ಅಳೆಯಬೇಕು. ಹಂಪು, ಕುರಿಮಂದೆ, ಸಂತೆ, ತಿರುವು ಎಲ್ಲ ಸೇರಿ ಗಂಟೆಗೆ ಮೂವತ್ತೋ ಮೂವತ್ತೈದೋ ಕಿಲೋಮೀಟರ್ ಸಾಗಿದರೆ ಹೆಚ್ಚು. ಹೆಬ್ಬೂರಿನಲ್ಲಿ ಬೆಳಕು ಹರಿಯುವಾಗ ಹೊರಟು, ನುಗ್ಗೇಹಳ್ಳಿಯಲ್ಲಿ ಗುಡಿ ನೋಡಿ, ಬೇಲೂರಿನಲ್ಲಿ ಊಟ ಮಾಡಿದರೆ ಹೊತ್ತಿರುವಾಗಲೇ ಸಕಲೇಶಪುರ ಸಿಗುತ್ತದೆ. ಅದಕ್ಕಿಂತ ತಡವಾದರೆ ಆಲೂರು-ಸಕಲೇಶಪುರದ ತೋಟಗಳ ಸಣ್ಣ ರಸ್ತೆಗೆ ಇಳಿಯಬಾರದು, ಸಂಜೆಯಾದರೆ ಆನೆಗಳು ತೋಟದಿಂದ ತೋಟಕ್ಕೆ ದಾಟುವ ದಾರಿಯೂ ಅವೇ. ವಾಪಸ್ ಬರುವ ದಿನ ಒಳದಾರಿಯ ಹಟ ಬೇಡ. ಹಿಂದಿನ ದೀಪವಿಲ್ಲದ ಟ್ರೈಲರ್, ಕಬ್ಬಿನ ಗಾಡಿ, ರಸ್ತೆ ಬದಿಯಲ್ಲಿ ಕಟ್ಟಿದ ದನ, ಯಾವುದೂ ಕತ್ತಲಲ್ಲಿ ಕಾಣುವುದಿಲ್ಲ. ಸಕಲೇಶಪುರದಿಂದ 75 ಹಿಡಿದು ಕುಣಿಗಲ್‌ವರೆಗೆ ಬಂದುಬಿಟ್ಟರೆ ಹೆಬ್ಬೂರಿಗೆ ಉಳಿಯುವುದು ಗೊತ್ತಿರುವ ರಸ್ತೆಯಷ್ಟೇ.