ಹೊಸ ಕಾಲದ ಕೇಳಿ

ಕರಾವಳಿಯಿಂದ ಬಂದ ನಮ್ಮ ಹಿರಿಯರಿಗೆ ‘ಕೇಳಿ’ ಎಂದರೇನೆಂದು ವಿವರಿಸಬೇಕಾಗಿಲ್ಲ. ಯಕ್ಷಗಾನ ಬಯಲಾಟವಿದ್ದ ದಿನ ಸಂಜೆಗೇ ಚೆಂಡೆ ಮದ್ದಳೆ ಬಾರಿಸಿ, ಇಂದು ರಾತ್ರಿ ಇಲ್ಲಿ ಆಟವುಂಟೆಂದು ಊರಿಗೆಲ್ಲ ಸಾರುವ ಪದ್ಧತಿಯದು. ಗದ್ದೆಯಾಚೆ, ಹೊಳೆಯಾಚೆ ಆ ಸದ್ದು ಕೇಳಿದವರು ಬೇಗನೆ ಉಂಡು, ಚಾಪೆ ಸುತ್ತಿಕೊಂಡು, ಸೂಟೆ ಹಿಡಿದು ಹೊರಡುತ್ತಿದ್ದರು. ನಾಟಕ ಕಂಪನಿಯವರು ವಾದ್ಯದೊಡನೆ ಗಾಡಿಯಲ್ಲಿ ಬೀದಿ ಸುತ್ತಿ ಕರಪತ್ರ ಹಂಚುತ್ತಿದ್ದುದೂ ಇದೇ ಉದ್ದೇಶಕ್ಕಾಗಿ.

ಊರು ಬಿಟ್ಟು ಪರಸ್ಥಳದಲ್ಲಿ ನೆಲೆಸಿದ ನಮಗೆ ಆ ಚೆಂಡೆ ಕೇಳಿಸುವುದೆಂತು? ಮಳೆಗಾಲದಲ್ಲಿ ಊರಿನ ಬಯಲಾಟ ನಿಂತಾಗ ಅನೇಕ ಕಲಾವಿದರು ಮುಂಬಯಿಗೆ ಬರುತ್ತಾರೆ. ಮಾಟುಂಗದಲ್ಲಿ ಆಟವಾದರೆ ಡೊಂಬಿವಲಿಯ ಮನೆಗೆ ಸುದ್ದಿ ಮುಟ್ಟಬೇಡವೇ? ಈ ಕೆಲಸವನ್ನು ಈಗ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮೊದಲಾದ ಜಾಲತಾಣಗಳು ವಹಿಸಿಕೊಂಡಿವೆ. ವಾಟ್ಸಾಪಿನ ಒಂದೇ ಗುಂಪಿನಲ್ಲಿ 1,024 ಮಂದಿ ಇರಬಹುದು. ಹಿಂದೆ ಅಷ್ಟು ಮನೆಗಳಿಗೆ ಕಾರ್ಡು ಬರೆದು ಅಂಚೆಗೆ ಹಾಕುವುದೆಂದರೆ ಸಂಘದ ಕಾರ್ಯದರ್ಶಿಗೆ ಒಂದು ವಾರದ ದುಡಿಮೆ!

ಲಾಭ ಇಷ್ಟೇ ಅಲ್ಲ. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಕಾಲ ಮೃತ್ಯುವಿಗೆ ತುತ್ತಾದರು. ಕ್ಯಾಸೆಟ್ಟುಗಳಲ್ಲಿ ಉಳಿದಿದ್ದ ಅವರ ಕಂಠವನ್ನು, ಅವರು ತೀರಿಕೊಂಡ ಮೇಲೆ ಹುಟ್ಟಿದ ಮಕ್ಕಳು ಇಂದು ಯೂಟ್ಯೂಬಿನಲ್ಲಿ ಕೇಳುತ್ತಿದ್ದಾರೆ. 2006ರಲ್ಲಿ ಅಗಲಿದ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆಯ ಮಾತುಗಾರಿಕೆಯೂ ಹೀಗೆಯೇ ಉಳಿದಿದೆ. 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಮೇಳಗಳ ತಿರುಗಾಟ ನಡುವೆಯೇ ನಿಂತುಹೋದಾಗ, ಕಲಾವಿದರನ್ನೂ ರಸಿಕರನ್ನೂ ಕೂಡಿಸಿದ್ದು ಈ ಜಾಲತಾಣಗಳೇ.

ಆದರೆ ಒಂದು ಮಾತನ್ನು ಯೋಚಿಸಬೇಕು. ಜಾಲತಾಣದಲ್ಲಿ ಬೇಗ ಹರಿದಾಡುವುದು ಯಾವುದು? ಪುಂಡುವೇಷದ ಧೀಂಗಿಣ, ಬಣ್ಣದ ವೇಷದ ಅಬ್ಬರ, ಚೆಂಡೆಯ ಬಿರುಸು. ಅರ್ಧ ನಿಮಿಷದಲ್ಲಿ ಕಣ್ಣಿಗೆ ಹಬ್ಬ, ಮರುಕ್ಷಣ ಬೆರಳು ಮುಂದಕ್ಕೆ. ಇವೆಲ್ಲ ಯಕ್ಷಗಾನದ ಸೊಬಗೇ ಹೌದು, ಆದರೆ ಯಕ್ಷಗಾನದ ಜೀವ ಇರುವುದು ಮಾತಿನಲ್ಲಿಯೂ ಅಲ್ಲವೇ? ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅದರ ಅರ್ಥವನ್ನು ಕಲಾವಿದನು ರಂಗಸ್ಥಳದಲ್ಲಿ ನಿಂತಲ್ಲೇ ಕಟ್ಟುತ್ತಾನೆ. ಇಂಗ್ಲಿಷ್ ಶಬ್ದ ನುಸುಳದಂತೆ ಗಂಟೆಗಟ್ಟಲೆ ಶುದ್ಧ ಕನ್ನಡದಲ್ಲಿ ವಾದಿಸುವುದು ಅಲ್ಲಿಯ ಸಂಪ್ರದಾಯ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿಯೋ ಮರಾಠಿಯೋ ಆಡುವ ನಮ್ಮ ಮಕ್ಕಳಿಗೆ ಇಂತಹ ಕನ್ನಡ ಮತ್ತೆಲ್ಲಿ ಸಿಕ್ಕೀತು? ತುಣುಕು ನೋಡಿಯೇ ಆಟ ನೋಡಿದೆವೆಂದು ಅವರು ತಿಳಿದರೆ, ಕುಣಿತ ಉಳಿದು ಮಾತು ಹೋದಂತೆ. ಅಂಥ ಪ್ರಚಾರದಿಂದ ಕಲೆಗೂ ಲಾಭವಿಲ್ಲ, ಭಾಷೆಗೂ ಲಾಭವಿಲ್ಲ.

ಹಾಗೆಂದು ತುಣುಕನ್ನೇ ಬಿಡಬೇಕಾಗಿಲ್ಲ. ಅದನ್ನು ಆರಿಸುವ ಜಾಣತನ ಬೇಕು. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ಆ ಪ್ರಶ್ನೆಯವರೆಗಿನ ಒಂದು ನಿಮಿಷವನ್ನು ಕಳುಹಿಸಿ, ರಾಮನ ಉತ್ತರ ಭಾನುವಾರ ಸಭಾಗೃಹದಲ್ಲಿ ಎಂದು ಕೆಳಗೆ ಬರೆಯಿರಿ. ಆ ಪ್ರಶ್ನೆ ಮನೆಯ ಊಟದ ಹೊತ್ತಿನಲ್ಲಿ ಚರ್ಚೆಗೆ ಬಂದರೆ, ಆಟಕ್ಕೆ ಜನ ಬಂದಂತೆಯೇ.

ಇನ್ನು ಕೆಲವು ಸಣ್ಣ ಸಂಗತಿಗಳು. ಬಣ್ಣದ ಚಿತ್ರಪಟವೊಂದನ್ನೇ ಕಳುಹಿಸಿದರೆ ಸಾಲದು. ಪ್ರಸಂಗ, ತಾರೀಖು, ಸ್ಥಳ, ಹತ್ತಿರದ ರೈಲು ನಿಲ್ದಾಣ ಇವನ್ನು ಅಕ್ಷರದಲ್ಲಿಯೂ ಬರೆಯಬೇಕು. ಬೇಕೆಂದಾಗ ಹುಡುಕಿದರೆ ಸಿಗುವುದು ಆಗಲೇ. ಮೊದಲು ಕನ್ನಡದಲ್ಲಿ ಬರೆದು, ಕನ್ನಡ ಓದಲು ಬಾರದ ಮಕ್ಕಳಿಗಾಗಿ ಇನ್ನೊಂದು ಲಿಪಿಯಲ್ಲಿಯೂ ಕಥೆಯ ಸಾರವನ್ನು ನಾಲ್ಕು ಸಾಲಿನಲ್ಲಿ ಕೊಟ್ಟರೆ ಒಳ್ಳೆಯದು. ಮುಮ್ಮೇಳದವರ ಹೆಸರಿನೊಡನೆ ಹಿಮ್ಮೇಳದ ಭಾಗವತರು, ಮದ್ದಳೆಗಾರರು, ಚೆಂಡೆಯವರ ಹೆಸರನ್ನೂ ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಕಲಾವಿದನ ಒಪ್ಪಿಗೆ. ಸಭೆಯಲ್ಲಿ ಕೈಗೊಂದು ಮೊಬೈಲು ಎತ್ತಿ ಆಟವನ್ನೆಲ್ಲ ಚಿತ್ರಿಸಿ ಜಾಲಕ್ಕೆ ಹಾಕುವುದು ಅಭಿಮಾನದ ಕೆಲಸವೆಂದೇ ಹಲವರು ತಿಳಿದಿದ್ದಾರೆ. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯ 38ನೆಯ ಕಲಮು ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಟ್ಟಿದೆ. ಮೆಚ್ಚುಗೆಯ ಗುರುತುಗಳಿಂದ ಅವನ ಮನೆಯ ಒಲೆ ಉರಿಯುವುದಿಲ್ಲ. ದೀರ್ಘ ದೃಶ್ಯಗಳನ್ನು ಹಾಕುವ ಯೂಟ್ಯೂಬ್ ವಾಹಿನಿಗೆ ಜಾಹೀರಾತಿನ ಪಾಲು ಬರಬೇಕಾದರೂ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು. ಬಂದರೂ ಅದು ವಾಹಿನಿಯವರಿಗೆ, ವೇಷಧಾರಿಗಲ್ಲ. ಆದುದರಿಂದ ಸಂಘಗಳು ಚಿತ್ರೀಕರಣದ ಮಾತನ್ನು ಮೊದಲೇ ಆಡಿ, ಅದರ ಸಂಭಾವನೆಯನ್ನು ಬೇರೆಯಾಗಿ ಗೊತ್ತುಮಾಡುವುದು ಲೇಸು.

ಗುಂಪಿಗೆ ಬಂದ ಸುದ್ದಿಗೆ ಕೈಮುಗಿದ ಗುರುತೊಂದನ್ನು ಹಾಕಿ ಸುಮ್ಮನಾಗುವುದು ನಮ್ಮಲ್ಲಿ ಬೆಳೆದಿರುವ ರೂಢಿ. ನೂರು ಮಂದಿ ಕೈಮುಗಿದ ಆಟಕ್ಕೆ ಮೂವತ್ತು ಮಂದಿ ಬಂದು ಕುಳಿತರೆ, ಸಂಘಟಕರ ಮುಖ ನೋಡುವುದು ಕಷ್ಟ. ಮುಂದಿನ ಮಳೆಗಾಲದಲ್ಲಿ ನಿಮ್ಮ ಮೊಬೈಲಿಗೆ ಇಂತಹ ಕರೆ ಬಂದಾಗ, ನೆರೆಮನೆಯವರಿಗೆ ಕಳುಹಿಸುವ ಮೊದಲು ಮನೆಯವರೆಲ್ಲರ ಟಿಕೇಟು ತೆಗೆಸಿಡಿ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿಳಿಯದ ಮಾತನ್ನು ಮೆಲ್ಲನೆ ಕಿವಿಯಲ್ಲಿ ತಿಳಿಸಿ. ಯಾವ ಜಾಲತಾಣವೂ ಮಾಡಲಾಗದ ಕೆಲಸವದು.