ಉಂಡ ಅರಿಷಿಣವೆಲ್ಲ ಮೈಗೆ ಹತ್ತುವುದೇ?



ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರ ಬಟ್ಟೆಗೆ ಹತ್ತಿದ ಭಂಡಾರವು ಬರಿಯ ನೀರಿಗೆ ಹೋಗುವುದಿಲ್ಲ. ನವಿಲುತೀರ್ಥದ ಹೊಳೆಯಲ್ಲಿ ಎಷ್ಟು ಅದ್ದಿ ಹಿಂಡಿದರೂ ಹಳದಿ ಉಳಿದೇ ಉಳಿಯುತ್ತದೆ. ಇದು ನಮ್ಮ ಭಾಗದ ತಾಯಂದಿರೆಲ್ಲರಿಗೂ ತಿಳಿದ ಸಂಗತಿ. ಆದರೆ ಇದರಲ್ಲಿಯೇ ವೈದ್ಯಶಾಸ್ತ್ರದ ಒಂದು ಮಹತ್ವದ ಪ್ರಶ್ನೆ ಅಡಗಿದೆ. ನೀರಿನಲ್ಲಿ ಕರಗದ ವಸ್ತುವು ನಮ್ಮ ರಕ್ತವನ್ನು ಸೇರುವುದಾದರೂ ಹೇಗೆ?

ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಒಂದು ಲೋಟ ನೀರಿಗೆ ಚಿಟಿಕೆ ಅರಿಷಿಣ ಹಾಕಿ ಕಲಕಿ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಪುಡಿ ತಳಕ್ಕೆ ಕೂಡುತ್ತದೆ. ಅದೇ ಚಿಟಿಕೆಯನ್ನು ಬಿಸಿ ತುಪ್ಪಕ್ಕೆ ಹಾಕಿದರೆ ತುಪ್ಪವೇ ಹೊಂಬಣ್ಣ ತಾಳುತ್ತದೆ. ಅರಿಷಿಣಕ್ಕೆ ಆ ಬಣ್ಣವನ್ನು ಕೊಡುವ ಸತ್ವದ ಹೆಸರು ಕರ್ಕ್ಯುಮಿನ್. ನೂರು ಗ್ರಾಂ ಅರಿಷಿಣದಲ್ಲಿ ಅದು ಸುಮಾರು 3 ಗ್ರಾಂ ಇರುತ್ತದೆ. ಅದು ನೀರಿಗೆ ಒಲಿಯದು, ಜಿಡ್ಡಿಗೆ ಒಲಿಯುತ್ತದೆ.

ಇಂತಹ ಸತ್ವವು ದೇಹಕ್ಕೆ ಸಲ್ಲಬೇಕಾದರೆ ಮೂರು ಬಾಗಿಲುಗಳನ್ನು ದಾಟಬೇಕು. ಮೊದಲನೆಯದು ಕರಗುವಿಕೆ. ಆಹಾರದಲ್ಲಿ ಜಿಡ್ಡಿದ್ದರೆ ಪಿತ್ತರಸವು ಅದನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುತ್ತದೆ. ಆ ಹನಿಗಳ ಆಶ್ರಯದಲ್ಲಿ ಸತ್ವವು ಕರಗುತ್ತದೆ. ಎರಡನೆಯದು ಕರುಳಿನ ಗೋಡೆ. ಮೂರನೆಯದು ಯಕೃತ್ತು. ಕರುಳಿನ ಗೋಡೆ ಮತ್ತು ಯಕೃತ್ತು ಇವೆರಡೂ ಹೊರಗಿನಿಂದ ಬಂದ ಇಂತಹ ವಸ್ತುವಿಗೆ ಮತ್ತೊಂದು ಅಣುವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಬೇಗನೆ ಹೊರಗೆ ಕಳಿಸಿಬಿಡುತ್ತವೆ. ಹೀಗಾಗಿ ಬರಿಯ ಅರಿಷಿಣವನ್ನು ನೀರಿನಲ್ಲಿ ಕಲಕಿ ಕುಡಿದವರ ರಕ್ತವನ್ನು ಸೇರುವ ಸತ್ವವು ಅತ್ಯಲ್ಪ.

ನಮ್ಮ ಪೂರ್ವಾಚಾರ್ಯರು ಕರುಳಿನ ಒಳಗನ್ನು ಯಂತ್ರವಿಟ್ಟು ನೋಡಿದವರಲ್ಲ. ಆದರೂ ಔಷಧವನ್ನು ಯಾವುದರೊಡನೆ ಕೊಡಬೇಕೆಂಬುದನ್ನು ಬಹಳ ವಿಚಾರಿಸಿದರು. ಅದನ್ನೇ ಅನುಪಾನವೆಂದರು. ತುಪ್ಪವು ತನ್ನ ಗುಣವನ್ನು ಬಿಡದೆ, ತನ್ನೊಡನೆ ಬೆಂದ ದ್ರವ್ಯದ ಗುಣವನ್ನೂ ಹೊರುತ್ತದೆ ಎಂದು ಚರಕಾಚಾರ್ಯರು ಗುರುತಿಸಿದರು. ಹರಿದ್ರಾಖಂಡದಲ್ಲಿ ಅರಿಷಿಣವು ಹಾಲು ಮತ್ತು ತುಪ್ಪದೊಡನೆ ಪಾಕವಾಗುತ್ತದೆ. ಶುಂಠಿ, ಮೆಣಸು, ಹಿಪ್ಪಲಿಗಳೆಂಬ ತ್ರಿಕಟುವೂ ಅದಕ್ಕೆ ಸೇರುತ್ತದೆ. ನಮ್ಮ ಅಡುಗೆಮನೆಯೂ ಇದೇ ದಾರಿಯನ್ನು ಹಿಡಿದಿದೆ. ಒಗ್ಗರಣೆಯ ಎಣ್ಣೆಯಲ್ಲಿ ಅರಿಷಿಣ ಬೀಳುತ್ತದೆ. ಜೋಳದ ರೊಟ್ಟಿಯ ಮಗ್ಗುಲಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅದರ ಮೇಲೊಂದಿಷ್ಟು ಎಣ್ಣೆ ಇರುತ್ತದೆ. ಗಜ್ಜರಿ ಮತ್ತು ಸೊಪ್ಪುಗಳಲ್ಲಿರುವ, ಕಣ್ಣಿಗೆ ಹಿತವಾದ ಕೆರೋಟಿನ್ ಕೂಡ ಜಿಡ್ಡಿನ ಜೊತೆಗೇ ಮೈಗೆ ಹತ್ತುವಂಥದು. ಎಣ್ಣೆಯನ್ನು ಪೂರ್ತಿ ತೊರೆದು ಹಸಿ ಗಜ್ಜರಿಯನ್ನಷ್ಟೇ ತಿನ್ನುವವರು ಇದನ್ನು ಗಮನಿಸಬೇಕು.

ಇನ್ನು ಮೆಣಸಿನ ಮಹಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತಪರೀಕ್ಷೆ ಮಾಡಿದರು. ರಕ್ತದಲ್ಲಿ ಅದು ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. ಮೆಣಸಿನ ಸತ್ವವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಸೇರಿಸಿ ಕೊಟ್ಟಾಗ ದೇಹಕ್ಕೆ ದಕ್ಕಿದ ಪ್ರಮಾಣವು ಶೇಕಡಾ 2000ರಷ್ಟು ಹೆಚ್ಚಿತು. ಮೆಣಸು ಇಲ್ಲಿ ಮಾಡುವ ಕೆಲಸವೆಂದರೆ, ಸತ್ವವನ್ನು ಹೊರದಬ್ಬುವ ಕರುಳು ಮತ್ತು ಯಕೃತ್ತಿನ ಕಾವಲನ್ನು ಕೆಲಹೊತ್ತು ಸಡಿಲಿಸುವುದು.

ಈ ಅಂಕಿಯನ್ನು ಜಾಹೀರಾತುಗಳು ಇಂದಿಗೂ ಸಾರುತ್ತಿವೆ. ಆದರೆ ಅದನ್ನು ವಿವೇಕದಿಂದ ಓದಬೇಕು. ಮೂಲದಲ್ಲಿ ಇದ್ದದ್ದು ಸೊನ್ನೆಗೆ ಹತ್ತಿರವಾದ್ದರಿಂದ ಏರಿಕೆ ದೊಡ್ಡದಾಗಿ ಕಾಣುತ್ತದೆ. ಏರಿದ್ದೂ ಬೇಗನೆ ಇಳಿದಿತ್ತು. ಅಲ್ಲದೆ 2 ಗ್ರಾಂ ಕರ್ಕ್ಯುಮಿನ್ ಎಂದರೆ ಸುಮಾರು 60-70 ಗ್ರಾಂ ಅರಿಷಿಣದ ಸತ್ವ. ಅಷ್ಟು ಅರಿಷಿಣವನ್ನು ಯಾವ ಮನೆಯವರೂ ಒಂದು ಹೊತ್ತಿಗೆ ಉಣ್ಣುವುದಿಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನು ಭಕ್ತರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. "ಅರಿಷಿಣದಿಂದ ಯಾರಿಗೂ ಕೇಡಿಲ್ಲ" ಎಂದು ನಾವು ಅನೇಕ ವರ್ಷ ಹೇಳುತ್ತ ಬಂದೆವು. ಕೆಲವು ವರ್ಷಗಳ ಹಿಂದೆ ಮಲಪ್ರಭೆಯ ದಂಡೆಯ ಊರಿನ ಹಿರಿಯ ತಾಯಿಯೊಬ್ಬರು ಮಗನೊಡನೆ ನಮ್ಮಲ್ಲಿಗೆ ಬಂದರು. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಊಟ ಸೇರದು. ಮೊಣಕಾಲು ನೋವಿಗೆಂದು ಮಗನು ಪಟ್ಟಣದಿಂದ ತಂದುಕೊಟ್ಟ ಗುಳಿಗೆಯನ್ನು ಎರಡು ತಿಂಗಳಿಂದ ನುಂಗುತ್ತಿದ್ದರು. ಅದು ಅರಿಷಿಣದ ಸಾಂದ್ರ ಸತ್ವಕ್ಕೆ ಮೆಣಸಿನ ಸತ್ವವನ್ನು ಕೂಡಿಸಿದ ಗುಳಿಗೆ. "ಅರಿಷಿಣ ಅಲ್ಲೇನ್ರಿ, ನೀವೇ ಹೇಳಿದ್ರಲ್ಲಾ, ಅದರಿಂದ ಏನಾಗ್ತದ?" ಎಂದರು ಆ ತಾಯಿ. ನಾವು ನಿರುತ್ತರರಾದೆವು. ಗುಳಿಗೆ ನಿಲ್ಲಿಸಿ, ತಡಮಾಡದೆ ಯಕೃತ್ತಿನ ತಜ್ಞರ ಬಳಿಗೆ ಕಳಿಸಿದೆವು. ಬೇರೆ ಕಾರಣಗಳನ್ನೆಲ್ಲ ಪರೀಕ್ಷಿಸಿದ ಬಳಿಕ ಅವರೂ ಗುಳಿಗೆಯನ್ನೇ ಶಂಕಿಸಿದರು. ಗುಣವಾಗಲು ಮೂರು ತಿಂಗಳು ಹಿಡಿಯಿತು.

ಇದು ಒಬ್ಬರ ಕಥೆಯಲ್ಲ. ಅಮೆರಿಕದ ಯಕೃತ್ತಿನ ತಜ್ಞರು 2022ರಲ್ಲಿ ಇಂತಹ 10 ಪ್ರಕರಣಗಳನ್ನು ಪ್ರಕಟಿಸಿದರು. ಅವರಲ್ಲಿ ಒಬ್ಬರು ತೀರಿಕೊಂಡಿದ್ದರು. ಅದೇ ವರ್ಷ ಇಟಲಿ ಸರ್ಕಾರವು ಅರಿಷಿಣದ ಗುಳಿಗೆಗಳ ಮೇಲೆ ಎಚ್ಚರಿಕೆಯ ಮಾತನ್ನು ಕಡ್ಡಾಯಗೊಳಿಸಿತು. ದೇಹವು ಬಾಗಿಲು ಹಾಕಿಕೊಂಡಿರುವುದು ಸುಮ್ಮನೆ ಅಲ್ಲ. ಬಾಗಿಲನ್ನು ಸ್ವಲ್ಪ ಸರಿಸುವುದು ಬೇರೆ, ಮುರಿದು ನುಗ್ಗುವುದು ಬೇರೆ.

ಆದ್ದರಿಂದ ಭಕ್ತರು ಈ ಕೆಲವು ಮಾತುಗಳನ್ನು ನೆನಪಿನಲ್ಲಿಡಬೇಕು.

1. ಕಾಲು ಚಮಚ ಅರಿಷಿಣ, ಕುಟ್ಟಿದ ಎರಡು ಕಾಳು ಮೆಣಸು, ಅರ್ಧ ಚಮಚ ತುಪ್ಪ ಇವನ್ನು ಒಂದು ಲೋಟ ಹಾಲಿನಲ್ಲಿ ಕುದಿಸಿ ಕುಡಿದರೆ ಸಾಕು. ಹಾಲು ಆಗದವರಿಗೆ ಒಗ್ಗರಣೆ ಹಾಕಿದ ಬೇಳೆಸಾರೇ ಸಾಕು.

2. ಅರಿಷಿಣವನ್ನು ಕುಕ್ಕರಿನಲ್ಲಿ ಬಹಳ ಬೇಯಿಸಬೇಡಿರಿ. ಅಡುಗೆಯ ಕಾವಿನಲ್ಲಿ ಸತ್ವದ ಒಂದು ಪಾಲು ನಷ್ಟವಾಗುತ್ತದೆಂದೂ, ಕುಕ್ಕರಿನಲ್ಲಿ ನಷ್ಟ ಹೆಚ್ಚೆಂದೂ, ಹುಣಸೆಹುಳಿ ಇದ್ದರೆ ನಷ್ಟ ಕಡಿಮೆಯೆಂದೂ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದವರು ಕಂಡಿದ್ದಾರೆ.

3. ಮೆಣಸಿನ ಸತ್ವವು ಅರಿಷಿಣಕ್ಕಷ್ಟೇ ಬಾಗಿಲು ಸಡಿಲಿಸುವುದಿಲ್ಲ. ಬೇರೆ ಔಷಧಗಳಿಗೂ ಸಡಿಲಿಸುತ್ತದೆ. ಮೂರ್ಛೆರೋಗಕ್ಕೆ, ರಕ್ತ ಹೆಪ್ಪುಗಟ್ಟದಿರಲು ಅಥವಾ ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುವವರು ಇಂತಹ ಗುಳಿಗೆಗಳನ್ನು ತಾವಾಗಿಯೇ ಆರಂಭಿಸಬಾರದು. ಪಿತ್ತಕೋಶದ ಹರಳು ಇದ್ದವರು, ಯಕೃತ್ತಿನ ರೋಗಿಗಳು, ಗರ್ಭಿಣಿಯರು ಹಾಗೂ ಶಸ್ತ್ರಚಿಕಿತ್ಸೆಗೆ ಸಿದ್ಧರಾದವರೂ ಅಷ್ಟೇ. ಸಾರಿನಲ್ಲಿರುವ ಮೆಣಸಿಗೆ ಯಾರೂ ಹೆದರಬೇಕಾಗಿಲ್ಲ.

4. ಯಾವುದೇ ಗುಳಿಗೆ ನುಂಗುತ್ತಿರುವಾಗ ಕಣ್ಣು ಹಳದಿಯಾದರೆ, ಮೂತ್ರ ಕಪ್ಪಿಟ್ಟರೆ, ಮೈ ತುರಿಸಿದರೆ ಕೂಡಲೇ ವೈದ್ಯರನ್ನು ಕಾಣಿರಿ. ನುಂಗುತ್ತಿರುವುದನ್ನೆಲ್ಲ ಅವರ ಮುಂದೆ ಇಡಿರಿ. "ಅದು ನಾಟಿ ಔಷಧ, ಹೇಳುವುದೇನು" ಎಂದು ಮುಚ್ಚಿಡಬೇಡಿರಿ.

ದಾಸೋಹದ ಪಂಕ್ತಿಯಲ್ಲಿ ಎಡೆಗೆ ಬರುವ ಸಾರಿನಲ್ಲಿ ಅರಿಷಿಣವಿದೆ, ಮೆಣಸಿದೆ, ಒಗ್ಗರಣೆಯ ಜಿಡ್ಡಿದೆ, ಎಲ್ಲವೂ ಮಿತದಲ್ಲಿದೆ. ಪ್ರಸಾದವೆಂದು ಸ್ವೀಕರಿಸುವವನು ಬೇಕಾದಷ್ಟನ್ನೇ ಸ್ವೀಕರಿಸುತ್ತಾನೆ. ಔಷಧಕ್ಕೂ ಅದೇ ನಿಯಮ. ಆ ತಾಯಿ ಈಗ ಆರೋಗ್ಯವಾಗಿದ್ದಾರೆ, ಹುಣ್ಣಿಮೆಗೆ ಮಠಕ್ಕೆ ಬರುತ್ತಾರೆ. ನಮ್ಮನ್ನು ಕಂಡಾಗಲೆಲ್ಲ "ಸಾರಿನ್ಯಾಗ ಹಾಕೇನ್ರಿ, ಗುಳಿಗಿ ಬಿಟ್ಟೇನ್ರಿ" ಎಂದು ನಗುತ್ತಾರೆ.